ಕಾಫಿಯ ಕಣ ಮತ್ತು ಲಂಡನ್ನಿನ ದರ

ನಮ್ಮ ವಯನಾಡು ರೊಬಸ್ಟಾ ಕಾಫಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು. ಆದರೂ ಅದರ ಬೆಲೆ ದೂರದ ಲಂಡನ್ ಪೇಟೆಯನ್ನು ನೋಡಿಯೇ ಏರಿಳಿಯುತ್ತದೆ. ಹಿಂದೆ ಆ ಸುದ್ದಿ ಮೊದಲು ತಿಳಿಯುತ್ತಿದ್ದುದು ವ್ಯಾಪಾರಿಗೆ. ಅವನು ಹೇಳಿದ್ದೇ ದರ. ಈಗ ರೈತನೇ ಮೊಬೈಲಿನಲ್ಲಿ ನೋಡಿ, ಇನ್ನೂ ಏರೀತೆಂದು ಮೂಟೆಗಳನ್ನು ಮನೆಯಲ್ಲಿ ಕೂಡಿಡುತ್ತಾನೆ. ಬೆಳೆಗಾರನೇ ಹೂಡಿಕೆದಾರನಾದನೆನ್ನಿ!

ವಿದ್ಯಾರ್ಥಿಗಳೇ, ಇಲ್ಲೊಂದು ಲೆಕ್ಕವಿದೆ. ಲಂಡನ್ನಿನ ದರ ಒಂದು ಟನ್ ಸುಲಿದ ಬೀಜಕ್ಕೆ, ಅದೂ ಡಾಲರಿನಲ್ಲಿ. ನಮ್ಮ ಕಣದಲ್ಲಿರುವುದು ಸಿಪ್ಪೆಸಹಿತ ಒಣಕಾಯಿ. ಸುಲಿದರೆ ಉಳಿಯುವ ಬೀಜ ಸುಮಾರು ಅರ್ಧ ತೂಕ. ತೇವ ಹೆಚ್ಚಿದ್ದರೆ ಮತ್ತೂ ಕಡಿತ.

ಒಮ್ಮೆ ಪೋಷಕರೊಬ್ಬರು ಮೊಬೈಲಿನ ದರ ತೋರಿಸಿ, "ಮೇಷ್ಟ್ರೇ, ನನಗೆ ಮೋಸವಾಯಿತು" ಎಂದರು. ಒಂಬತ್ತನೆಯ ತರಗತಿಯ ಅವರ ಮಗಳು ಡಾಲರನ್ನು ರೂಪಾಯಿಗೆ ತಿರುಗಿಸಿ, ಸಿಪ್ಪೆ ಕಳೆದು ಲೆಕ್ಕ ಹಾಕಿದಳು. ವ್ಯತ್ಯಾಸ ಕಿಲೋವಿಗೆ ಕೆಲವೇ ರೂಪಾಯಿ. ತಂದೆ ಆ ಕಾಗದವನ್ನು ಮಡಿಸಿ ಕಿಸೆಯಲ್ಲಿಟ್ಟುಕೊಂಡರು.