ಸ್ನಾಯುವನ್ನು ಸಡಿಲಿಸುವ ಅನಿಲ

ನರವು ಸ್ನಾಯುವಿಗೆ ಸಂಕುಚಿತವಾಗುವಂತೆ ಆಜ್ಞಾಪಿಸುತ್ತದೆ ಎಂಬುದು ನಮಗೆಲ್ಲ ತಿಳಿದ ಸಂಗತಿ. ಆದರೆ ಅನ್ನನಾಳ, ಜಠರ ಹಾಗೂ ಕರುಳುಗಳಲ್ಲಿರುವ ಅನೈಚ್ಛಿಕ ಸ್ನಾಯುಗಳು ಸಡಿಲಗೊಳ್ಳುವುದಕ್ಕೂ ನರದ ಸಂದೇಶವು ಅವಶ್ಯಕ. ಈ ಸಂದೇಶವನ್ನು ಒಯ್ಯುವವುಗಳಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೇ ಪ್ರಮುಖವಾದುದು.

ಅಸಿಟೈಲ್‌ಕೋಲಿನ್ ಮೊದಲಾದ ನರವಾಹಕಗಳು ನರದ ತುದಿಯಲ್ಲಿ ಸಂಗ್ರಹವಾಗಿರುತ್ತವೆ. ಈ ಅನಿಲವನ್ನು ಹಾಗೆ ಕೂಡಿಡಲಾಗದು. ಬೇಕಾದ ಕ್ಷಣದಲ್ಲಿಯೇ ಒಂದು ಕಿಣ್ವವು ಆರ್ಜಿನೈನ್ ಎಂಬ ಅಮೈನೋ ಆಮ್ಲದಿಂದ ಅದನ್ನು ತಯಾರಿಸುತ್ತದೆ. ಅದು ಜೀವಕೋಶದ ಪೊರೆಯನ್ನು ಸುಲಭವಾಗಿ ದಾಟಿ ಸ್ನಾಯುಕೋಶವನ್ನು ಸೇರುತ್ತದೆ. ಅಲ್ಲಿ ಸೈಕ್ಲಿಕ್ ಜಿ.ಎಂ.ಪಿ. ಎಂಬ ವಸ್ತು ಹೆಚ್ಚಿ, ಸ್ನಾಯು ಸಡಿಲಗೊಳ್ಳುತ್ತದೆ. ರಕ್ತನಾಳಗಳನ್ನು ಹಿಗ್ಗಿಸುವಲ್ಲಿಯೂ ಇದೇ ಅನಿಲದ ಪಾತ್ರವಿದೆ. ಅದನ್ನು ಕಂಡುಹಿಡಿದ ರಾಬರ್ಟ್ ಫರ್ಚ್‌ಗಾಟ್, ಲೂಯಿಸ್ ಇಗ್ನಾರೋ ಮತ್ತು ಫೆರಿದ್ ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ನಾವು ತುತ್ತು ನುಂಗಿದಾಗ ಅನ್ನನಾಳದ ಕೆಳತುದಿಯಲ್ಲಿರುವ ಸ್ನಾಯುವಿನ ಬಳೆಯು ತೆರೆದುಕೊಳ್ಳುವುದು ಮುಖ್ಯವಾಗಿ ಈ ಅನಿಲದ ನೆರವಿನಿಂದ. ಅದನ್ನು ತಯಾರಿಸುವ ನರಕೋಶಗಳು ನಶಿಸಿದರೆ ಬಳೆಯು ಸರಿಯಾಗಿ ತೆರೆಯದೆ, ಆಹಾರವು ಅನ್ನನಾಳದಲ್ಲಿಯೇ ಉಳಿಯುತ್ತದೆ. ಈ ವ್ಯಾಧಿಗೆ ಅಕಲೇಸಿಯ ಎಂದು ಹೆಸರು. ಅನ್ನವನ್ನಷ್ಟೇ ಅಲ್ಲ, ನೀರನ್ನು ನುಂಗಲೂ ಕಷ್ಟವಾಗುವುದು, ಉಂಡದ್ದು ಜೀರ್ಣವಾಗದೆ ಬಾಯಿಗೆ ಮರಳುವುದು, ತೂಕ ಇಳಿಯುವುದು ಇದರ ಲಕ್ಷಣಗಳು.

ನಶಿಸಿದ ನರಕೋಶಗಳನ್ನು ಮರಳಿ ಪಡೆಯಲಾಗದು. ಆದರೂ ಬಳೆಯನ್ನು ಬಲೂನಿನಿಂದ ಹಿಗ್ಗಿಸಿ ಅಥವಾ ಶಸ್ತ್ರಚಿಕಿತ್ಸೆಯಿಂದ ಸಡಿಲಿಸಿ ಆಹಾರಕ್ಕೆ ದಾರಿ ಮಾಡಿಕೊಡಬಹುದು. ಆದುದರಿಂದ ನುಂಗುವಾಗ ಪದೇಪದೇ ತೊಂದರೆಯಾಗುತ್ತಿದ್ದಲ್ಲಿ, ಅಜೀರ್ಣವೆಂದು ಉಪೇಕ್ಷಿಸದೆ ವೈದ್ಯರ ಸಲಹೆ ಪಡೆಯುವುದು ಅತ್ಯಗತ್ಯ.