ಹಾಡದೆ ನಿಂತ ಮೂವರು ಮಕ್ಕಳು

ವಾಕ್‌ಸ್ವಾತಂತ್ರ್ಯವೆಂದೊಡನೆ ನಮ್ಮ ಕಣ್ಣ ಮುಂದೆ ಬರುವವರು ಸಭೆಯನ್ನು ನಡುಗಿಸುವ ಭಾಷಣಕಾರರು, ಇಲ್ಲವೆ ಸೆರೆಮನೆಗೆ ಅಂಜದ ಪತ್ರಿಕಾಕರ್ತರು. ಆದರೆ ನಮ್ಮ ದೇಶದಲ್ಲಿ ಈ ಸ್ವಾತಂತ್ರ್ಯದ ಅರ್ಥವನ್ನು ವಿಶಾಲಗೊಳಿಸಿದ ಒಂದು ಮೊಕದ್ದಮೆಯಲ್ಲಿ ಅರ್ಜಿದಾರರಾಗಿದ್ದವರು ನಿಮ್ಮ ವಯಸ್ಸಿನ ಮಕ್ಕಳು. ಬಾಯಿ ತೆರೆಯದೆ ನಿಂತರೆಂಬುದೇ ಅವರ ಮೇಲಿನ ಆಪಾದನೆ.

1985ರಲ್ಲಿ ಕೇರಳದ ಒಂದು ಪ್ರೌಢಶಾಲೆಯಲ್ಲಿ ಅಣ್ಣನೊಬ್ಬನು ಹತ್ತನೆಯ ಇಯತ್ತೆಯಲ್ಲಿಯೂ, ಅವನ ತಂಗಿಯರಿಬ್ಬರು ಒಂಬತ್ತು ಮತ್ತು ಐದನೆಯ ಇಯತ್ತೆಗಳಲ್ಲಿಯೂ ಓದುತ್ತಿದ್ದರು. ಪ್ರತಿದಿನ ಬೆಳಿಗ್ಗೆ ಪ್ರಾರ್ಥನೆಯ ವೇಳೆಯಲ್ಲಿ ‘ಜನಗಣಮನ’ ಆರಂಭವಾದಾಗ ಅವರು ಎಲ್ಲರಂತೆ ನೆಟ್ಟಗೆ, ವಿನಯದಿಂದ ನಿಲ್ಲುತ್ತಿದ್ದರು; ಹಾಡುತ್ತಿರಲಿಲ್ಲ. ಅವರ ಮನೆತನವು ‘ಯೆಹೋವನ ಸಾಕ್ಷಿಗಳು’ ಎಂಬ ಕ್ರೈಸ್ತ ಪಂಥಕ್ಕೆ ಸೇರಿದ್ದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೇರಿಕೆಯಲ್ಲಿ ಹುಟ್ಟಿದ ಈ ಪಂಥದವರು, ತಮ್ಮ ದೇವರಾದ ಯೆಹೋವನನ್ನಲ್ಲದೆ ಮತ್ತಾವುದನ್ನೂ ಹಾಡಿ ಸ್ತುತಿಸಲಾಗದೆಂದು ನಂಬುತ್ತಾರೆ. ಯಾವ ದೇಶದಲ್ಲಿ ನೆಲೆಸಿದ್ದರೂ ಆ ದೇಶದ ರಾಷ್ಟ್ರಗೀತೆಯನ್ನು ಅವರು ಹಾಡುವುದಿಲ್ಲ. ಈ ಮಕ್ಕಳ ಅಕ್ಕಂದಿರೂ ಇದೇ ಶಾಲೆಯಲ್ಲಿ ಹೀಗೆಯೇ ನಿಂತು ಓದಿದವರು. ಅಷ್ಟು ವರ್ಷವೂ ಅದು ಯಾರ ಕಣ್ಣಿಗೂ ತಪ್ಪಾಗಿ ಕಂಡಿರಲಿಲ್ಲ.

ಆ ವರ್ಷದ ಜುಲೈ ತಿಂಗಳಲ್ಲಿ ಶಾಸಕರೊಬ್ಬರ ಕಣ್ಣಿಗೆ ಅದು ಬಿದ್ದಿತು. ಹಾಡದಿರುವುದು ದೇಶಭಕ್ತಿಗೆ ವಿರುದ್ಧವೆಂದು ಅವರು ಭಾವಿಸಿ ವಿಧಾನಸಭೆಯಲ್ಲಿ ಪ್ರಶ್ನೆ ಕೇಳಿದರು. ವಿಚಾರಣೆಗಾಗಿ ಆಯೋಗವೊಂದು ನೇಮಕವಾಯಿತು. ಮಕ್ಕಳು ಕಾಯಿದೆಗೆ ತಲೆಬಾಗುವವರು, ರಾಷ್ಟ್ರಗೀತೆಗೆ ಅವರು ಯಾವ ಅಗೌರವವನ್ನೂ ತೋರಿಲ್ಲ ಎಂದೇ ಆಯೋಗವು ವರದಿ ಮಾಡಿತೆಂದು ಮುಂದೆ ನ್ಯಾಯಾಲಯಕ್ಕೆ ತಿಳಿಸಲಾಯಿತು. ಹೀಗಿದ್ದರೂ ಶಾಲಾ ಇನ್‌ಸ್ಪೆಕ್ಟರರ ಕಚೇರಿಯ ಸೂಚನೆಯಂತೆ 1985ರ ಜುಲೈ 26ರಂದು ಮುಖ್ಯಾಧ್ಯಾಪಿಕೆಯವರು ಮೂವರನ್ನೂ ಶಾಲೆಯಿಂದ ಹೊರಹಾಕಿದರು. ಸರಕಾರದ ಆಜ್ಞೆ ಬರುವತನಕವಾದರೂ ಮಕ್ಕಳನ್ನು ಕೂಡಿಸಿಕೊಳ್ಳಿರೆಂದು ತಂದೆ ಬೇಡಿಕೊಂಡಾಗ, ಅದು ತಮ್ಮ ಕೈಯಲ್ಲಿಲ್ಲವೆಂದು ಆಕೆ ಹೇಳಬೇಕಾಯಿತು. ಇಂಥ ಪ್ರಸಂಗಗಳಲ್ಲಿ ನಿರ್ಣಯ ಮಾಡುವವರು ಒಬ್ಬರು, ಮಗುವಿನ ಮುಖ ನೋಡಿ ಅದನ್ನು ಹೇಳಬೇಕಾದವರು ಇನ್ನೊಬ್ಬರು.

ಮಕ್ಕಳು ಕೇರಳದ ಉಚ್ಚ ನ್ಯಾಯಾಲಯಕ್ಕೆ ಹೋದರು. ಮೊದಲು ಒಬ್ಬ ನ್ಯಾಯಮೂರ್ತಿಗಳು, ಆಮೇಲೆ ಇಬ್ಬರ ಪೀಠ, ಅವರ ಬೇಡಿಕೆಯನ್ನು ತಳ್ಳಿಹಾಕಿದರು. ಪೀಠವು ರಾಷ್ಟ್ರಗೀತೆಯ ಒಂದೊಂದು ಪದವನ್ನೂ ಒರೆಗೆ ಹಚ್ಚಿ, ಯಾವ ಧರ್ಮದವರ ಮನಸ್ಸನ್ನಾದರೂ ನೋಯಿಸುವ ಮಾತು ಇದರಲ್ಲಿ ಒಂದೂ ಇಲ್ಲವೆಂದು ನಿರ್ಣಯಿಸಿತು. ಮೇಲುನೋಟಕ್ಕೆ ಇದು ಸರಿಯಾದ ತರ್ಕವೆಂದೇ ತೋರುತ್ತದೆ. ಗೀತೆಯಲ್ಲಿ ದೋಷವಿಲ್ಲದ ಮೇಲೆ ಹಾಡಲು ಏನು ಅಡ್ಡಿ? ನಮ್ಮಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆಯೂ ಇದೇ.

ಸರ್ವೋಚ್ಚ ನ್ಯಾಯಾಲಯವು ಈ ಪ್ರಶ್ನೆಯನ್ನೇ ತಪ್ಪೆಂದಿತು. 1986ರ ಆಗಸ್ಟ್ 11ರಂದು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಮತ್ತು ನ್ಯಾಯಮೂರ್ತಿ ಎಂ. ಎಂ. ದತ್ತ ಅವರ ಪೀಠವು ಕೊಟ್ಟ ಈ ತೀರ್ಪು ‘ಬಿಜೋಯ್ ಇಮ್ಯಾನ್ಯುಯೆಲ್ ವಿರುದ್ಧ ಕೇರಳ ರಾಜ್ಯ’ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಗೀತೆಯ ಪದಗಳಲ್ಲಿ ಆಕ್ಷೇಪಾರ್ಹವಾದುದುಂಟೆಂದು ಮಕ್ಕಳು ಎಂದೂ ಹೇಳಿರಲಿಲ್ಲ. ಹಾಡುವುದೇ ತಮ್ಮ ನಂಬಿಕೆಗೆ ಒಗ್ಗದೆಂದಿದ್ದರು. ಆ ನಂಬಿಕೆ ನ್ಯಾಯಾಧೀಶರಿಗೆ ಯುಕ್ತವೆನಿಸುತ್ತದೆಯೇ, ಊರಿನ ಬಹುಜನರಿಗೆ ರುಚಿಸುತ್ತದೆಯೇ ಎಂದು ನೋಡುವಂತಿಲ್ಲ. ಅದು ನಿಜವಾಗಿ, ಅಂತಃಕರಣಪೂರ್ವಕವಾಗಿ ಹಿಡಿದ ನಂಬಿಕೆಯೇ ಅಥವಾ ತೋರಿಕೆಯ ನೆವವೇ ಎಂಬಷ್ಟನ್ನೇ ಪರೀಕ್ಷಿಸಬೇಕು. ನಿಜವಾದುದಾದರೆ ಸಂವಿಧಾನದ 25ನೆಯ ವಿಧಿ ಅದನ್ನು ಕಾಯುತ್ತದೆ. ಆ ವಿಧಿಗೂ ಎಲ್ಲೆಗಳುಂಟು. ಸಾರ್ವಜನಿಕ ಸುವ್ಯವಸ್ಥೆ, ನೀತಿ, ಆರೋಗ್ಯ ಇವುಗಳಿಗೆ ಧಕ್ಕೆ ತರುವ ಆಚರಣೆಗೆ ಅದರ ಆಸರೆಯಿಲ್ಲ. ಆದರೆ ಮೌನವಾಗಿ ನಿಂತ ಮೂರು ಮಕ್ಕಳಿಂದ ಯಾವ ಸುವ್ಯವಸ್ಥೆ ಕೆಟ್ಟೀತು?

ಎರಡನೆಯ ವಾದವು 19ನೆಯ ವಿಧಿಯದು. ಮಾತನಾಡುವ ಹಕ್ಕಿನಲ್ಲಿ ಮಾತನಾಡದೆ ಇರುವ ಹಕ್ಕೂ ಸೇರಿದೆ ಎಂದು ನ್ಯಾಯಾಲಯವು ಸಾರಿತು. ಈ ಹಕ್ಕಿಗೆ ಸರಕಾರವು ಮಿತಿಯನ್ನು ಹಾಕಬಹುದು. ಆದರೆ ಆ ಮಿತಿ ಕಾಯಿದೆಯ ಮೂಲಕವೇ ಬರಬೇಕು, ಸಂವಿಧಾನವು ಹೆಸರಿಸಿದ ಕಾರಣಗಳಿಗಾಗಿಯೇ ಇರಬೇಕು. ಕೇರಳದ ಶಿಕ್ಷಣ ಇಲಾಖೆಯ ಕೈಯಲ್ಲಿ ಇದ್ದುದು ಸುತ್ತೋಲೆಗಳು ಮಾತ್ರ. ಅವುಗಳಿಗೆ ಕಾಯಿದೆಯ ಬಲವಿರಲಿಲ್ಲ. ರಾಷ್ಟ್ರಗೌರವದ ಅವಮಾನವನ್ನು ತಡೆಯುವ 1971ರ ಕಾಯಿದೆಯಾದರೂ ಗೀತೆ ಹಾಡುವುದನ್ನು ಬೇಕೆಂದು ತಡೆಯುವವನನ್ನು, ಹಾಡುತ್ತಿರುವ ಸಭೆಗೆ ಗೊಂದಲ ತರುವವನನ್ನು ಶಿಕ್ಷಿಸುತ್ತಿತ್ತು, ಸುಮ್ಮನೆ ನಿಂತವನನ್ನಲ್ಲ. 1976ರಲ್ಲಿ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ರಾಷ್ಟ್ರಗೀತೆಯನ್ನು ಗೌರವಿಸುವುದೂ ಒಂದು. ಎದ್ದು ನಿಂತಾಗಲೇ ಆ ಗೌರವ ಸಂದಿತು ಎಂದಿತು ನ್ಯಾಯಾಲಯ. ಮಕ್ಕಳನ್ನು ಶಾಲೆಗೆ ಮರಳಿ ಸೇರಿಸಿಕೊಂಡು, ಅಡ್ಡಿಯಿಲ್ಲದೆ ಓದಲು ಬಿಡಬೇಕೆಂದು ಆಜ್ಞೆಯಾಯಿತು. ಅಷ್ಟರಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆದಿತ್ತು.

ಇದೇ ಪಂಥದ ಮಕ್ಕಳ ಪ್ರಶ್ನೆ ಅಮೇರಿಕೆಯ ಸರ್ವೋಚ್ಚ ನ್ಯಾಯಾಲಯದ ಮುಂದೆ ಇದಕ್ಕಿಂತ ಮೊದಲೇ ಬಂದಿತ್ತು. ಅಲ್ಲಿಯ ಪ್ರಶ್ನೆ ಧ್ವಜವಂದನೆಯದು. 1940ರಲ್ಲಿ ಎಂಟು ನ್ಯಾಯಮೂರ್ತಿಗಳು ಮಕ್ಕಳ ವಿರುದ್ಧವಾಗಿಯೂ ಒಬ್ಬರೇ ಅವರ ಪರವಾಗಿಯೂ ತೀರ್ಪಿತ್ತರು. ಅದರ ಬೆನ್ನಿಗೇ ಆ ಪಂಥದವರ ಮೇಲೆ ಹಲವು ಊರುಗಳಲ್ಲಿ ಗುಂಪುಗಳು ಕೈಮಾಡಿದವು. ಮೂರೇ ವರ್ಷಗಳಲ್ಲಿ, 1943ರ ಜೂನ್ 14ರಂದು, ಅದೇ ನ್ಯಾಯಾಲಯವು ಮತ್ತೊಂದು ಮೊಕದ್ದಮೆಯಲ್ಲಿ ತನ್ನ ಹಳೆಯ ತೀರ್ಪನ್ನು ಅಳಿಸಿಹಾಕಿತು. ಈ ಸಲ ಮಕ್ಕಳ ಪರವಾಗಿ ಆರು, ವಿರುದ್ಧವಾಗಿ ಮೂರು. ಆಗ ಅಮೇರಿಕೆಯು ಮಹಾಯುದ್ಧದಲ್ಲಿ ಹೋರಾಡುತ್ತಿತ್ತೆಂಬುದನ್ನು ಮರೆಯಬಾರದು. ಯುದ್ಧಕಾಲದಲ್ಲಿಯೇ ಅಂಥ ತೀರ್ಪನ್ನು ಕೊಡುವುದಕ್ಕೆ ಎದೆಗಾರಿಕೆ ಬೇಕು. ನಮ್ಮ ನ್ಯಾಯಮೂರ್ತಿಗಳು 1986ರಲ್ಲಿ ಈ ತೀರ್ಪನ್ನೂ ಓದಿಕೊಂಡಿದ್ದರು.

ಇಷ್ಟನ್ನು ಓದಿ, ಹಾಗಾದರೆ ಧರ್ಮದ ಹೆಸರು ಹೇಳಿ ಯಾವ ನಿಯಮವನ್ನಾದರೂ ಮೀರಬಹುದಲ್ಲವೆ ಎಂದು ನೀವು ಕೇಳಬಹುದು. ಆ ಸಂದೇಹ ಅರ್ಥವಿಲ್ಲದ್ದಲ್ಲ. ವಿದ್ವಾಂಸರಲ್ಲಿಯೂ ಅದರ ಬಗ್ಗೆ ಒಮ್ಮತವಿಲ್ಲ. 2022ರಲ್ಲಿ ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿನಿಯರ ಹಿಜಾಬಿನ ಪ್ರಶ್ನೆ ಎದ್ದಾಗ ಈ ಕೇರಳದ ಮಕ್ಕಳ ಮೊಕದ್ದಮೆ ಮತ್ತೆ ಚರ್ಚೆಗೆ ಬಂದಿತು. ಅದೇ ವರ್ಷದ ಮಾರ್ಚ್ 15ರಂದು ಕರ್ನಾಟಕದ ಉಚ್ಚ ನ್ಯಾಯಾಲಯವು ಸರಕಾರದ ಸಮವಸ್ತ್ರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದಲ್ಲಿ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ತೀರ್ಪುಗಳನ್ನು ಕೊಟ್ಟರು. ನ್ಯಾಯಮೂರ್ತಿ ಹೇಮಂತ ಗುಪ್ತಾ ಅವರು ಉಚ್ಚ ನ್ಯಾಯಾಲಯವನ್ನು ಸಮರ್ಥಿಸಿದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವರು 1986ರ ತೀರ್ಪನ್ನೇ ಮುಂದಿಟ್ಟುಕೊಂಡು, ಹುಡುಗಿಯ ಓದು ನಿಲ್ಲಬಾರದೆಂಬುದನ್ನು ಮುಖ್ಯವಾಗಿ ಎಣಿಸಿ ಆ ತೀರ್ಪನ್ನು ತಳ್ಳಿಹಾಕಿದರು. ಒಮ್ಮತವಾಗದ ಕಾರಣ ಪ್ರಕರಣವು ಮುಖ್ಯ ನ್ಯಾಯಮೂರ್ತಿಗಳ ಮುಂದೆ ಹೋಯಿತು. ಇಬ್ಬರೂ ಕಲಿತವರು, ಇಬ್ಬರ ಮುಂದೆ ಇದ್ದುದೂ ಒಂದೇ ಸಂವಿಧಾನ. ಆದುದರಿಂದ ನಿಮ್ಮ ಚರ್ಚಾಕೂಟದಲ್ಲಿ ಈ ವಿಷಯದ ಮೇಲೆ ಎರಡು ಪಕ್ಷಗಳಾದರೆ ಅಧ್ಯಾಪಕರು ಗಾಬರಿಪಡಬೇಕಾಗಿಲ್ಲ.

ಚರ್ಚಾಕೂಟಕ್ಕೆ ಕೂಡುವ ಮೊದಲು ಈ ಮೂರು ಪ್ರಶ್ನೆಗಳನ್ನು ಯೋಚಿಸಿಕೊಂಡು ಬನ್ನಿರಿ. ಆ ಮಕ್ಕಳಲ್ಲೊಬ್ಬನು ಗೀತೆಯ ನಡುವೆ ನೆಲದ ಮೇಲೆ ಕುಳಿತುಬಿಟ್ಟಿದ್ದರೆ ತೀರ್ಪು ಬೇರೆಯಾಗುತ್ತಿತ್ತೆ? ಹಾಡದಿರುವುದಕ್ಕೆ ಅವನ ಕಾರಣವು ಧರ್ಮದ್ದಾಗಿರದೆ ಕೇವಲ ತನ್ನ ಸ್ವಂತ ವಿಚಾರದ್ದಾಗಿದ್ದರೆ 19ನೆಯ ವಿಧಿಯೊಂದೇ ಅವನನ್ನು ಕಾಯುತ್ತಿತ್ತೆ? ಮತ್ತು ಅವನ ಪಕ್ಕದಲ್ಲಿಯೇ ನಿಂತು, ದಿನವೂ ತುಂಬುಕಂಠದಿಂದ ಹಾಡುತ್ತಿದ್ದ ಸಹಪಾಠಿಯು, ಜುಲೈ 26ರಂದು ಆ ಬೆಂಚು ಬರಿದಾದಾಗ ಏನು ಮಾಡಬಹುದಾಗಿತ್ತು?