ಮೈ ಮರೆಯದ ನೋವು: ಗಂಜಾಂನಿಂದ ಒಂದು ಪಾಠ

ಶ್ರೀರಂಗಪಟ್ಟಣದ ಕೋಟೆಯಿಂದ ಪೂರ್ವಕ್ಕೆ ಸಾಗಿದರೆ ಗಂಜಾಂ. ಗುಂಬಜ್ ಮತ್ತು ನಿಮಿಷಾಂಬ ದೇವಸ್ಥಾನಕ್ಕೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಅಲ್ಲಿನ ನಮ್ಮ ಹಳೆಯ ಚರ್ಚನ್ನು ನೋಡದೆಯೇ ಹಿಂದಿರುಗುತ್ತಾರೆ. ಅಬ್ಬೆ ದುಬೊಯಿಸ್ ಅವರ ಹೆಸರಿನೊಡನೆ ಬೆಸೆದುಕೊಂಡ ಆ ಚರ್ಚಿನ ಹಿಂದೆ ಒಂದು ಜನಸಮುದಾಯವೇ ಅನುಭವಿಸಿದ ನೋವಿದೆ.

ಅದು 1784ರ ತಪಸ್ಸುಕಾಲದ ಆರಂಭ. ವಿಭೂತಿ ಬುಧವಾರವೆಂದೇ ಪರಂಪರೆ ಹೇಳುತ್ತದೆ. ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಸಂಶಯದಿಂದ ಟಿಪ್ಪು ಸುಲ್ತಾನನು ಕರಾವಳಿಯ ಕಥೋಲಿಕರನ್ನು ಸೆರೆಹಿಡಿಸಿ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದನು. ಅನೇಕರು ದಾರಿಯಲ್ಲೇ ಸತ್ತರು. ಉಳಿದವರಿಗೆ 15 ವರ್ಷಗಳ ಸೆರೆ. ಪುರುಷರಿಗೆ ಬಲವಂತದ ಸುನ್ನತಿ. ಸೆರೆಯಾದವರ ಸಂಖ್ಯೆ 60,000 ಎಂದು ದುಬೊಯಿಸ್ ಬರೆದರು. ಬೇರೆಯವರ ಲೆಕ್ಕ ಬೇರೆ. (ಈ ಇತಿಹಾಸವನ್ನು ನೆರೆಯ ಮುಸ್ಲಿಮರ ಮೇಲೆ ಹಗೆ ಸಾಧಿಸಲು ಬಳಸುವವರಿದ್ದಾರೆ. ಆ ಕೆಲಸ ನಮಗೆ ಬೇಡ. ಅರಸನ ಲೆಕ್ಕವನ್ನು ನೆರೆಮನೆಯವರಿಂದ ವಸೂಲು ಮಾಡುವುದು ನ್ಯಾಯವಲ್ಲ.)

1799ರ ಮೇ 4ರಂದು ಕೋಟೆ ಬಿದ್ದಿತು. ಬದುಕುಳಿದವರು ಬಿಡುಗಡೆಯಾದರು. ಅವರನ್ನು ಮತ್ತೆ ಶ್ರೀಸಭೆಗೆ ಸೇರಿಸಿಕೊಳ್ಳಲು ಬಂದವರೇ ದುಬೊಯಿಸ್. ತಮ್ಮ ಬಳಿಗೆ ಸುಮಾರು 2,000 ಮಂದಿ ಬಂದರೆಂದು ಅವರು 1823ರಲ್ಲಿ ಪ್ರಕಟವಾದ ಪತ್ರಗಳಲ್ಲಿ ಹೇಳಿದ್ದಾರೆ. ಬದಲಾದದ್ದು ಹೊರಗೆ ಮಾತ್ರ, ಹೃದಯದಲ್ಲಿ ವಿಶ್ವಾಸ ಉಳಿದಿತ್ತು ಎಂಬುದು ಆ ಜನರ ಮಾತು. ಗುರುಗಳು ಮಾತ್ರ ಕಟುವಾಗಿ ಬರೆದರು: ಇಷ್ಟು ಸಾವಿರ ಜನರಲ್ಲಿ ಒಬ್ಬನೂ ರಕ್ತಸಾಕ್ಷಿಯಾಗಲಿಲ್ಲವಲ್ಲ ಎಂದು.

ಆ ಮಹಾನುಭಾವರ ಮೇಲಿನ ಗೌರವವನ್ನು ಇಟ್ಟುಕೊಂಡೇ, ಈ ತೀರ್ಪನ್ನು ನಾನು ಒಪ್ಪಲಾರೆ. ಭಯವು ಮಿತಿಮೀರಿದಾಗ ದೇಹವು ನಮ್ಮ ಅಪ್ಪಣೆಗೆ ಕಾಯುವುದಿಲ್ಲ. ಎದುರಿಸಲೂ ಓಡಲೂ ದಾರಿ ಇಲ್ಲದಾಗ ಕೈಕಾಲು ಮರಗಟ್ಟುತ್ತವೆ, ಬಾಯಿ ಕಟ್ಟುತ್ತದೆ. ಇದು ಹೇಡಿತನವಲ್ಲ, ಪ್ರಾಣ ಉಳಿಸಿಕೊಳ್ಳಲು ಸೃಷ್ಟಿಕರ್ತನೇ ಇಟ್ಟ ಏರ್ಪಾಡು. ಅಪಾಯ ಕಳೆದ ಮೇಲೂ ಕೆಲವರ ದೇಹಕ್ಕೆ ಆ ಸುದ್ದಿ ತಲಪುವುದಿಲ್ಲ. ಬಾಗಿಲು ಬಡಿದರೆ ಎದೆ ಹಾರುತ್ತದೆ, ನಿದ್ರೆ ಬಾರದು, ಉಸಿರು ಮೇಲುಮೇಲೇ ಆಡುತ್ತದೆ. ಅಮೆರಿಕದ ಮನೋವೈದ್ಯ ಬೆಸೆಲ್ ವಾನ್ ಡರ್ ಕೋಲ್ಕ್ 2014ರಲ್ಲಿ ಪ್ರಕಟಿಸಿದ ಹೆಸರುವಾಸಿ ಪುಸ್ತಕದ ತಿರುಳೂ ಇದೇ. "ಎಲ್ಲಾ ಮರೆತುಬಿಡಮ್ಮ" ಎಂಬ ನಮ್ಮ ಬುದ್ಧಿವಾದ ಕಿವಿಗೆ ಬಿದ್ದರೂ ಮೈಗೆ ಇಳಿಯುವುದಿಲ್ಲ.

ದುಬೊಯಿಸ್ ಅವರ ಲೇಖನಿಗಿಂತ ಅವರ ಕೈಗಳು ಹೆಚ್ಚು ಕರುಣೆಯುಳ್ಳವಾಗಿದ್ದವು ಎನಿಸುತ್ತದೆ. ಜನರಂತೆಯೇ ಉಟ್ಟು, ಜನರಂತೆಯೇ ಉಂಡು ಅವರ ನಡುವೆ ಬಾಳಿದರು. ಹಾಸನದ ಬಳಿಯ ಸಾತಳ್ಳಿಯಲ್ಲಿ ಕ್ರೈಸ್ತರು ಬೇಸಾಯ ಮಾಡಿಕೊಂಡು ಬಾಳಲು ನೆಲೆ ಒದಗಿಸಿದರು. 1803-04ರಲ್ಲಿ ಸಿಡುಬಿನ ಲಸಿಕೆ ಹಾಕಿಸಲು ಶ್ರಮಿಸಿದರು. ಲಸಿಕೆ ಪಡೆದವರ ಲೆಕ್ಕ 25,432. ನೆಲೆ, ಅನ್ನ, ಆರೋಗ್ಯ ಇವೆಲ್ಲ ದೇಹದ ವಿಷಯಗಳೇ.

ಪ್ರವಾದಿ ಎಲೀಯನನ್ನು ನೆನೆಯಿರಿ. ಪ್ರಾಣಭಯದಿಂದ ಓಡಿ, ಸಾವನ್ನೇ ಬೇಡಿ ಗಿಡದ ಕೆಳಗೆ ಮಲಗಿದವನಿಗೆ ದೇವದೂತನು ಉಪದೇಶ ಮಾಡಲಿಲ್ಲ. ಮುಟ್ಟಿ ಎಬ್ಬಿಸಿ, ರೊಟ್ಟಿ ನೀರು ಕೊಟ್ಟನು. ಅವನು ಮತ್ತೆ ನಿದ್ರಿಸಿದನು, ಮತ್ತೆ ಊಟ ಬಂತು. ದೇವರ ಮೆಲುದನಿ ಕೇಳಿಸಿದ್ದು 40 ದಿನಗಳ ನಡಿಗೆಯ ನಂತರ. ಯಾಯೀರನ ಮಗಳನ್ನು ಎಬ್ಬಿಸಿದ ಯೇಸುಸ್ವಾಮಿಯೂ ಅವಳಿಗೆ ಊಟ ಕೊಡಲು ಹೇಳಲು ಮರೆಯಲಿಲ್ಲ.

ಮನೆಯಲ್ಲಿ ಅಪಘಾತ, ಹೊಡೆತ, ಅಕಾಲ ಮರಣ ಕಂಡು ತತ್ತರಿಸಿದವರಿದ್ದರೆ ನಡೆದುದನ್ನು ಹೇಳೆಂದು ಒತ್ತಾಯಿಸಬೇಡಿ. ಪಕ್ಕದಲ್ಲಿ ಕುಳಿತುಕೊಳ್ಳಿ. ಪಾದಗಳನ್ನು ನೆಲಕ್ಕೆ ಊರಿಸಿ, ಉಸಿರನ್ನು ನಿಧಾನವಾಗಿ, ಉದ್ದವಾಗಿ ಹೊರಬಿಡಲು ಹೇಳಿ. ಉಸಿರನ್ನು ಗಮನಿಸಿದರೆ ಗಾಬರಿ ಹೆಚ್ಚಾಗುವವರೂ ಉಂಟು. ಅಂಥವರು ಕಣ್ಣು ತೆರೆದು ಕೋಣೆಯ ವಸ್ತುಗಳನ್ನು ಒಂದೊಂದಾಗಿ ನೋಡಲಿ. ಒಪ್ಪಿದರೆ ಮಾತ್ರ ಕೈ ಹಿಡಿಯಿರಿ. ಬಲವಂತದ ಸ್ಪರ್ಶವನ್ನು ಅನುಭವಿಸಿದವರಿಗೆ ಪ್ರೀತಿಯ ಸ್ಪರ್ಶವೂ ಬೆದರಿಕೆಯಾದೀತು. ಸಂಜೆ ಜೊತೆಯಲ್ಲಿ ನಡೆಯಿರಿ. ಒಬ್ಬರೊಡನೊಬ್ಬರು ದನಿ ಸೇರಿಸಿ ಹೇಳುವ ಜಪಸರ, ಬೆರಳಿಗೆ ತಾಕುವ ಮಣಿ, ಒಟ್ಟಾಗಿ ಹಾಡುವ ಹಾಡು ಇವು ಉಸಿರನ್ನು ತಾವಾಗಿ ಹದಕ್ಕೆ ತರುತ್ತವೆ.

ಇವು ವೈದ್ಯರಿಗೆ ಬದಲಿಯಲ್ಲ. ತಿಂಗಳು ಕಳೆದರೂ ನಿದ್ರೆ, ಕೆಲಸ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಬೇಕು. ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಧರ್ಮಕೇಂದ್ರಕ್ಕೂ ಇದರಲ್ಲಿ ಪಾಲಿದೆ. ಶಿಲುಬೆಯ ಹಾದಿಯಲ್ಲಿ ಎಲ್ಲರೂ ಒಟ್ಟಿಗೆ ನಡೆದು, ಮೊಣಕಾಲೂರಿ, ಏಳುತ್ತೇವೆ. ರೋಗಿಗಳ ಹಣೆಗೆ, ಅಂಗೈಗೆ ಗುರುಗಳು ತೈಲ ಹಚ್ಚುತ್ತಾರೆ. ಪೂಜೆಯ ನಡುವೆ ಯಾರಾದರೂ ಥಟ್ಟನೆ ಎದ್ದು ಹೊರಗೆ ಹೋದರೆ ತಿರುಗಿ ನೋಡಿ ಪಿಸುಗುಟ್ಟುವುದು ಬೇಡ. ಒಬ್ಬರು ಮೆಲ್ಲಗೆ ಎದ್ದು, ಒಂದು ಲೋಟ ನೀರು ಹಿಡಿದು ಅವರ ಬಳಿಗೆ ಹೋಗಲಿ.